ಟೇಪಿನ ಕಾಕಾ ನೋಡಿಕೊಟ್ಟ ಖೋಲಿ

ಯಾರ ಮನೆಯೊಳಗೆ ಕಾಲಿಟ್ಟರೂ ಮೊದಲು ಜಂತಿ, ಆಮೇಲೆ ಗೋಡೆ, ಕಟ್ಟಕಡೆಗೆ ಮನೆಯವರ ಮುಖ ನೋಡುವ ಮನುಷ್ಯರನ್ನು ನಾನು ಕಂಡದ್ದು ಒಬ್ಬರನ್ನೇ. ಅವರು ನಮ್ಮ ಪಡಸಾಲೆಗೆ ಹೊಂದಿದ ಕೋಣೆಯಲ್ಲಿ ಆರು ವರ್ಷ ಬಾಡಿಗೆಗಿದ್ದರು. ಊರವರೆಲ್ಲ ಅವರನ್ನು ಟೇಪಿನ ಕಾಕಾ ಎನ್ನುತ್ತಿದ್ದರು. ಖರೆ ಹೆಸರನ್ನು ನಾನು ಬರೆಯುವುದಿಲ್ಲ. ಮುಂದೆ ಬರೆಯುವುದರಲ್ಲಿ ಹೊಗಳಿಕೆಗಿಂತ ಕಾಡಿಸುವುದೇ ಹೆಚ್ಚಾಗಿದೆ. ಬನಹಟ್ಟಿಯಲ್ಲಿರುವ ಅವರ ಮಕ್ಕಳು ಮುನಿಸಿಕೊಂಡಾರು.

ನಮ್ಮೂರು ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಆಚೆ, ಹೊಳೆ ದಂಡೆಯ ಸಣ್ಣ ಹಳ್ಳಿ. ಆಣೆಕಟ್ಟಿನ ಹಿನ್ನೀರು ಬರಲಿದೆ ಎಂದು ಸರಕಾರ ಹೇಳಿದ ಊರುಗಳಲ್ಲಿ ನಮ್ಮದೂ ಒಂದು. ಕಾಕಾ ಮುಳುಗಡೆ ಆಫೀಸಿನ ನೌಕರ. ಇಂಜಿನಿಯರ ಸಾಹೇಬರು ಮನೆಮನೆಗೆ ಹೋಗಿ ಅಳತೆ ಬರೆದುಕೊಳ್ಳುವಾಗ ಟೇಪಿನ ಇನ್ನೊಂದು ತುದಿ ಹಿಡಿದು ನಿಲ್ಲುವುದು ಅವರ ಕೆಲಸ. ತಾವು ಹಿಡಿದ ತುದಿಯೇ ದೊಡ್ಡದೆಂದು ಅವರು ನಂಬಿದ್ದರು.

"ಸಾಯೇಬ್ರು ಬರೀ ಓದತಾರವಾ," ಎನ್ನುತ್ತಿದ್ದರು ನನಗೆ. "ಎಲ್ಲಿ ಹಿಡೀಬೇಕು ಅನ್ನೂದು ನನಗ ಗೊತ್ತು."

ಬನಹಟ್ಟಿಯ ನೇಕಾರರ ಮನೆತನದವರು. ಹೆಂಡತಿ ಮಕ್ಕಳು ಅಲ್ಲೇ. ನಮ್ಮ ಊರಿಗೆ ಬಂದ ಹೊಸತರಲ್ಲಿ ನಿದ್ದೆಯೇ ಬರುತ್ತಿಲ್ಲ ಎಂದು ಅವ್ವನ ಮುಂದೆ ಗೋಳಾಡಿದರಂತೆ. ಮಗ್ಗದ ಸಪ್ಪಳ ಇಲ್ಲದ ಊರಿನಲ್ಲಿ ಮಂದಿ ಹೇಗೆ ಮಲಗುತ್ತಾರೆ ಎಂಬುದು ಅವರಿಗೆ ತಿಳಿಯದು. ಪ್ರತಿ ಶನಿವಾರ ಮಧ್ಯಾಹ್ನ ಜಮಖಂಡಿ ಮೇಲಿಂದ ಬನಹಟ್ಟಿಗೆ ಹೋಗಿ, ಮಗ್ಗದ ಸಪ್ಪಳದಲ್ಲಿ ನಿದ್ದೆ ಮಾಡಿ, ಸೋಮವಾರ ಮುಖ ಅರಳಿಸಿಕೊಂಡು ಬರುತ್ತಿದ್ದರು.

ಎಲ್ಲಿ ಹೋದರೂ ನಡುಬೆರಳಿನ ಗೆಣ್ಣಿನಿಂದ ಗೋಡೆ ಬಡಿದು ನೋಡುವುದು ಅವರ ಚಾಳಿ. ಒಮ್ಮೆ ಸತ್ತವರ ಮನೆಗೆ ಮಾತಾಡಿಸಲು ಹೋಗಿದ್ದೆವು. ಎಲ್ಲರೂ ತಲೆ ತಗ್ಗಿಸಿ ಕುಳಿತಾಗ ಕಾಕಾ ಮಾತ್ರ ಮೇಲೆ ನೋಡುತ್ತಿದ್ದರು. ಸತ್ತವನ ಮಗ ಎದ್ದು ಬಂದು ಕೈ ಹಿಡಿದಾಗ, "ನಿಮ್ಮಪ್ಪನ ಕಾಲ ಮುಗೀತು, ಅದು ದೇವರ ಇಚ್ಛಾ. ಆದರ ಈ ತೊಲಿಗೆ ಗೆದ್ದಲ ಹತ್ತೈತಿ ನೋಡು," ಅಂದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು, ಅಳುವುದಕ್ಕಲ್ಲ. ನಾಲ್ಕು ತಿಂಗಳಿಗೆ ಆ ತೊಲೆ ಮುರಿದು ಬಿತ್ತು. ಅದೃಷ್ಟಕ್ಕೆ ಕೆಳಗೆ ಯಾರೂ ಇರಲಿಲ್ಲ. ಆದರೆ ಅಂದಿನಿಂದ ಕಾಕಾನನ್ನು ಹಿಡಿಯುವವರೇ ಇಲ್ಲವಾದರು. ಮನೆಯ ವಿಷಯದಲ್ಲಿ ತಮ್ಮ ಮಾತು ತಪ್ಪುವುದೇ ಇಲ್ಲ ಎಂದು ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರಿಗೂ ಹೇಳುತ್ತಿದ್ದರು.

ನಮ್ಮ ಮನೆಯ ಅಳತೆಯೂ ಅವರ ಕೈಯಿಂದಲೇ ಆಯಿತು. ತಾವು ಮಲಗುವ ಕೋಣೆಗೇ ಟೇಪು ಹಿಡಿದು "ಬಾಡಿಗಿ ಖೋಲಿ, ಎಂಟು ಬಾಯ್ ಹತ್ತು" ಎಂದು ಕೂಗಿ ಹೇಳಿದರು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಕಾಕಾ ಅವತ್ತು ನಮ್ಮ ಮನೆಯಲ್ಲಿ ಚಹಾ ಕುಡಿಯಲಿಲ್ಲ. ಆರು ವರ್ಷದಲ್ಲಿ ಅವರು ಚಹಾ ಬೇಡವೆಂದದ್ದು ಅದೊಂದೇ ದಿನ.

ನಾನು ಬೀಳಗಿಯಲ್ಲಿ ಪಿಯುಸಿ ಮುಗಿಸಿದೆ. ಬಿ.ಎಸ್ಸಿ. ಓದಬೇಕೆಂದರೆ ಜಮಖಂಡಿಗೆ ಹೋಗಬೇಕು. ದಿನವೂ ಬಸ್ಸಿಗೆ ಹೋಗಿಬರುವ ದೂರವಲ್ಲ. ಸರಕಾರಿ ಹಾಸ್ಟೆಲಿನ ಮೊದಲ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ನಮ್ಮದು ಬೀರಪ್ಪನ ಒಕ್ಕಲು, ಕುರಿ ಕಾಯುವ ಮನೆತನ. ಅಪ್ಪ ವರ್ಷದ ಹೆಚ್ಚಿನ ತಿಂಗಳು ಹಿಂಡಿನ ಬೆನ್ನಿಗೆ ಇರುತ್ತಿದ್ದ. ಆಗ ಲೋಕಾಪುರದ ಹತ್ತಿರ ಯಾರದೋ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ. ಅವ್ವ ಅಲ್ಲಿಗೇ ಹೋಗಿ ಕೇಳಿದಳು. ಅಪ್ಪ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

"ಛಲೋ ಜಾಗಾ ಸಿಕ್ಕರ ಓದಲಿ," ಅಂದನಂತೆ. "ಆದರ ಅಲ್ಲೇನರ ತ್ರಾಸ ಆತು ಅಂತ ಕೇಳಿದ್ನೆಂದ್ರ ಅವತ್ತ ಮನಿಗೆ ಕರಕೊಂಬರತೇನಿ. ಆಮ್ಯಾಲ ಸಾಲಿ ಮಾತ ತಗೀಬಾರದು."

ಜಾಗ ನೋಡುವುದು ಯಾರು? ಕಾಕಾ ಆಗಲೇ ರಜೆ ಚೀಟಿ ಬರೆದು ಇಟ್ಟಿದ್ದರು.

ಮರುದಿನ ಬೆಳಗಿನ ಬಸ್ಸಿಗೆ ನಾನು, ಅವ್ವ, ಕಾಕಾ ಹೊರಟೆವು. ಅವರ ತಲೆಗೆ ಇಸ್ತ್ರಿ ಮಾಡಿದ ಬಿಳಿ ಟೋಪಿ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಚರ್ಮದ ಡಬ್ಬಿಯ ಟೇಪು. ಆಫೀಸಿನ ಟೇಪು ತರಬಹುದೇ ಎಂದು ಅವ್ವ ಕೇಳಿದಳು.

"ಸ್ವಂತ ಕೆಲಸಕ್ಕ ತರಬಾರದ್ರಿ. ಇದು ಸಾಲಿ ಕೆಲಸ," ಅಂದರು.

ಮೊದಲು ನೋಡಿದ್ದು ಬಸ್ ಸ್ಟ್ಯಾಂಡಿನ ಹಿಂದಿನ ಒಂದು ಮನೆಯ ಮಹಡಿ ಕೋಣೆ. ಮನೆಯ ಯಜಮಾನರು ಬಾಗಿಲು ತೆಗೆದು ನಗುತ್ತ ನಿಂತರು. ಕಾಕಾ ಅವರನ್ನು ದಾಟಿ ಒಳಗೆ ಹೋಗಿ ಗೋಡೆ ಬಡಿದರು.

"ಇದು ಹಸಿ ಇಟ್ಟಂಗಿ ಗ್ವಾಡಿ ಐತ್ರಿ. ಇದಕ್ಕ ನಮ್ಮ ಆಫೀಸನ್ಯಾಗ ಅರ್ಧಾ ಪರಿಹಾರಾನೂ ಹಿಡ್ಯೂದಿಲ್ಲ."

ಯಜಮಾನರ ನಗು ನಿಂತಿತು. "ನಾವು ಖೋಲಿ ಬಾಡಿಗಿಗೆ ಕೊಡಾಕತ್ತೇವ್ರಿ. ಮುಳುಗಡೆಗೆ ಕೊಡಾಕತ್ತಿಲ್ಲ."

"ಅದು ಖರೆ. ನಾಳಿ ಮುಳುಗಿದ್ರ ನಿಮಗ ಲುಕ್ಸಾನ ಅಂತ ಹೇಳಿದೆ."

"ಜಮಖಂಡಿಗೆ ಹೊಳಿ ಬರತೈತೇನ್ರಿ?"

"ನಮ್ಮ ಮಂದೀನೂ ಹಂಗ ಅಂತಿದ್ರು," ಅಂದರು ಕಾಕಾ. ಟೇಪು ಬಿಚ್ಚುವ ಮೊದಲೇ ನಾವು ಮೆಟ್ಟಿಲಿಳಿದು ಬೀದಿಯಲ್ಲಿದ್ದೆವು.

ಎರಡನೆಯದು ಹಳೆಯ ಓಣಿಯಲ್ಲಿ, ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತರಾದ ಒಬ್ಬ ಅಕ್ಕೋರ ಮನೆ. ಗಂಡ ಇಲ್ಲ, ಮಕ್ಕಳಿಲ್ಲ. ಪಕ್ಕದ ಖೋಲಿಯನ್ನು ಓದುವ ಹುಡುಗಿಯರಿಗೆ ಕೊಡುತ್ತಿದ್ದರು. ಆಗಲೇ ಇಬ್ಬರಿದ್ದರು, ಮೂರನೆಯವಳಿಗೆ ಜಾಗವಿತ್ತು. ಬಾಗಿಲು ಗಿಡ್ಡ. ಕಾಕಾ ಎಂದಿನಂತೆ ಮೇಲೆ ನೋಡುತ್ತ ನಡೆದು ಹಣೆ ಬಡಿಸಿಕೊಂಡರು. ಟೋಪಿ ಹಿಂದಕ್ಕೆ ಬಿತ್ತು.

"ಬಗ್ಗಿ ಬರ್ರಿ ಅನ್ನಬೇಕಂತ ಬಾಯಿ ತಗದೆ. ನೀವು ಅಷ್ಟರಾಗ ಬಂದಬಿಟ್ರಿ," ಅಂದರು ಅಕ್ಕೋರು. ಟೋಪಿಯನ್ನು ತಾವೇ ಎತ್ತಿ, ಧೂಳು ಝಾಡಿಸಿ ಕೊಟ್ಟರು.

ಕಾಕಾ ಅಳೆದರು. ಒಂಬತ್ತು ಬಾಯ್ ಹನ್ನೊಂದು. ಮೂಲೆಯ ಗೋಡೆಯಲ್ಲಿ ಹಸಿ ಕಲೆ. ಅದನ್ನು ಮುಟ್ಟಿ, ಬೆರಳು ಮೂಸಿ ನೋಡಿ, "ಮಳಿಗಾಲದಾಗ ಇಲ್ಲಿ ಸೋರತೈತಿ" ಎಂದು ತೀರ್ಪು ಕೊಟ್ಟರು.

"ಸೋರತೈತಿ," ಅಕ್ಕೋರು ಒಪ್ಪಿಕೊಂಡರು. "ಬೋಗಾಣಿ ಇಡತೇವಿ."

"ಪ್ರತಿ ವರ್ಷ?"

"ಪ್ರತಿ ವರ್ಷ ಮಳಿ ಬರತೈತಲ್ರಿ."

ಅಷ್ಟರಲ್ಲಿ ಅವರು ನಮಗೆ ತಾಮ್ರದ ಚೊಂಬಿನಲ್ಲಿ ನೀರು ಕೊಟ್ಟು, ಅವ್ವನನ್ನು ಚಾಪೆಯ ಮೇಲೆ ಕೂರಿಸಿದ್ದರು. ಯಾವ ವಿಷಯ ತೆಗೆದುಕೊಳ್ಳುತ್ತೀ ಎಂದು ನನ್ನನ್ನು ಕೇಳಿದರು. ಗಣಿತಕ್ಕೆ ಅಂಜುತ್ತೇನೆ ಎಂದು ನಾನು ಹೇಳಿಬಿಟ್ಟೆ. "ಅಂಜೂದು ಎಲ್ಲಿತನಕ? ಕುಂತು ಮಾಡಿದ್ರ ಹೋಗತೈತಿ," ಅಂದರು. ಕಾಕಾ ಹೊರಗೆ ನಿಂತು ಕೊಡೆಯ ತುದಿಯಿಂದ ಬುನಾದಿ ಕೆದರುತ್ತಿದ್ದರು.

ಮೂರನೆಯದು ಹೊಸ ಬಡಾವಣೆಯಲ್ಲಿ. ಆರ್‌ಸಿಸಿ ಮನೆ, ಹೊರಗಿನಿಂದಲೇ ಬಾಗಿಲಿರುವ ಖೋಲಿ, ಹದಿಮೂರು ಬಾಯ್ ಹನ್ನೆರಡು, ಪೂರ್ವಕ್ಕೆ ಕಿಟಕಿ, ಒಳಗೇ ನಳ, ಮುಖ ಕಾಣುವಷ್ಟು ನುಣುಪಾದ ನೆಲ. ಕಾಕಾ ಗೋಡೆ ಬಡಿದರು. ಮತ್ತೊಮ್ಮೆ ಬಡಿದರು. ಆಮೇಲೆ ಅಂಗೈಯಿಂದ ಸವರಿದರು. ನೌಕರಿಗೆ ಸೇರಿದ ಮೇಲೆ ಅವರು ಅಳೆದದ್ದೆಲ್ಲ ನೀರಿನಡಿ ಹೋಗುವ ಮಣ್ಣಿನ ಮನೆಗಳು; ನಿಂತು ಉಳಿಯುವ ಮನೆ ಕೈಗೆ ಸಿಕ್ಕಿದ್ದು ಅಪರೂಪ. ಮನೆಯೊಡತಿ ಬಾಗಿಲಲ್ಲಿ ನಿಂತೇ ನಿಯಮಗಳನ್ನು ಹೇಳುತ್ತಿದ್ದಳು. ಕಾಕಾ ಸ್ಲ್ಯಾಬಿನ ದಪ್ಪ ಎಷ್ಟು ಎಂದು ಕೇಳುತ್ತಿದ್ದರು. ಒಬ್ಬರ ಮಾತು ಒಬ್ಬರಿಗೆ ಕೇಳಲೇ ಇಲ್ಲ.

ನನ್ನನ್ನು ಯಾರೂ ಕೇಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾಕಾ ಕೇಳಿದರು. ನನಗೂ ಆ ನೆಲವನ್ನು ಬಿಟ್ಟು ಬರುವ ಮನಸ್ಸಾಗಲಿಲ್ಲ. ಹದಿನೆಂಟು ವರ್ಷ ಸೆಗಣಿ ಸಾರಿಸಿದವಳು ನಾನು. ಇದೇ ಇರಲಿ ಅಂದೆ.

ತಿರುಗಿ ಬರುವ ಬಸ್ಸಿನಲ್ಲಿ ಅವ್ವ ಮೊದಲು ಟಿಕೇಟು ಸೆರಗಿಗೆ ಕಟ್ಟಿಕೊಂಡಳು. ಆಮೇಲೆ, "ಆ ಅಕ್ಕೋರು ನೀರು ಕೊಟ್ರು. ಇವರು ಕುಂದ್ರು ಅನ್ನಲಿಲ್ಲ," ಅಂದಳು.

"ನೀರು ಇಲ್ಲೂ ಐತ್ರಿ. ಚೊಂಬಿನ್ಯಾಗಿಂದಲ್ಲ, ನಳದಾಗಿಂದು," ಅಂದರು ಕಾಕಾ. "ನಾವು ನೋಡಾಕ ಹೋಗಿದ್ದು ಮನಿ."



ಆ ಖೋಲಿಯ ಬಗ್ಗೆ ಕಾಕಾ ಹೇಳಿದ ಒಂದು ಮಾತೂ ಸುಳ್ಳಾಗಲಿಲ್ಲ. ಹನಿ ನೀರು ಸೋರಲಿಲ್ಲ, ಗೋಡೆ ಬಿರಿಯಲಿಲ್ಲ. ಆದರೆ ಸಂಜೆ ಆರಕ್ಕೆ ಗೇಟಿಗೆ ಕೀಲಿ ಬೀಳುತ್ತಿತ್ತು. ಪ್ರಾಕ್ಟಿಕಲ್ ಮುಗಿಸಿ ಹತ್ತು ನಿಮಿಷ ತಡವಾಗಿ ಬಂದರೆ ಮನೆಯೊಡತಿ ಟೀವಿ ನೋಡಿ ಮುಗಿಯುವವರೆಗೆ ಹೊರಗೆ ನಿಲ್ಲಬೇಕು. ಅವರ ಮಗಳಿಗೆ ಪಾಠ ಹೇಳಿಕೊಡುವುದು ಮೊದಲು ಕೇಳಿಕೊಂಡ ಸಹಾಯವಾಗಿತ್ತು, ಆಮೇಲೆ ಕೆಲಸವಾಯಿತು. ಅದರ ಬೆನ್ನಿಗೆ ಜೋಳ ಹಸನು ಮಾಡುವುದು, ಅಂಗಳ ತೊಳೆಯುವುದು ಬಂತು. ಗೆಳತಿಯರು ಬರುವಂತಿಲ್ಲ. ನನ್ನ ರೊಟ್ಟಿಯ ವಾಸನೆ, ಕಂಬಳಿಯ ವಾಸನೆ ಎರಡೂ ಆಕೆಗೆ ಆಗದು. "ಕುರಿ ವಾಸನಿ ಎಷ್ಟ ತೊಳದ್ರೂ ಹೋಗೂದಿಲ್ಲೇನು?" ಎಂದು ಮಗಳ ಮುಂದೆಯೇ ಕೇಳಿದ ದಿನ ನಾನು ಆ ನುಣುಪು ನೆಲದ ಮೇಲೆ ಕುಳಿತು ಬಹಳ ಹೊತ್ತು ಅತ್ತೆ.

ಮನೆಗೆ ಹೇಳುವಂತಿರಲಿಲ್ಲ. ತ್ರಾಸ ಎಂಬ ಒಂದು ಶಬ್ದ ಅಪ್ಪನ ಕಿವಿಗೆ ಬಿದ್ದರೆ ಓದು ಮುಗಿದಂತೆ.

ಕಾಕಾ ಪ್ರತಿ ಶನಿವಾರ ಬನಹಟ್ಟಿಗೆ ಹೋಗುವಾಗ ನಡುವೆ ಇಳಿದು, ಅವ್ವ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟು ಹೋಗುತ್ತಿದ್ದರು. ಬಂದವರೇ ಕೊರಳೆತ್ತಿ ಸ್ಲ್ಯಾಬು ನೋಡುತ್ತಿದ್ದರು.

"ಸೋರತೈತೇನು?"

"ಇಲ್ಲ ಕಾಕಾ."

"ನಾ ಹೇಳಿದ್ದಿಲ್ಲ?"

ಅವರಿಗೆ ಎಷ್ಟು ಖುಷಿಯಾಗುತ್ತಿತ್ತೆಂದರೆ ಬೇರೆ ಮಾತು ಆಡಲು ನನಗೇ ಮನಸ್ಸಾಗುತ್ತಿರಲಿಲ್ಲ. ನನ್ನ ಕಣ್ಣಿನ ಸುತ್ತಲಿನ ಕಪ್ಪನ್ನು ಅವರು ಒಮ್ಮೆಯೂ ನೋಡಲಿಲ್ಲ. ನೋಡುವುದಕ್ಕೆ ಸ್ಲ್ಯಾಬು ಇತ್ತಲ್ಲ.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಶನಿವಾರ ಕಾಲೇಜಿನಿಂದ ಬಂದರೆ ಗೇಟಿಗೆ ದೊಡ್ಡ ಕೀಲಿ. ಮನೆಯವರೆಲ್ಲ ಮುಧೋಳಕ್ಕೆ ಯಾವುದೋ ಕಾರ್ಯಕ್ರಮಕ್ಕೆ ಹೋಗಿದ್ದರು. ನನಗೆ ಹೇಳಿರಲಿಲ್ಲ, ಚಾವಿಯನ್ನೂ ಬಿಟ್ಟಿರಲಿಲ್ಲ. ಸೋಮವಾರ ಪರೀಕ್ಷೆ, ಪುಸ್ತಕಗಳೆಲ್ಲ ಒಳಗೆ. ಬೆಳಿಗ್ಗೆಯಿಂದ ಜ್ವರ ಬೇರೆ. ಗೇಟಿನ ಹೊರಗಿನ ಕಲ್ಲಿನ ಮೇಲೆ ಕುಳಿತೆ. ಮೂರು ಗಂಟೆಗೆ ಕಾಕಾ ಬಂದರು. ಕೊರಳು ಅಭ್ಯಾಸದಂತೆ ಮೇಲೆ ಹೋಯಿತು, ಆದರೆ ನೋಡಲು ಗೇಟಿನ ಹೊರಗೆ ಆಕಾಶ ಬಿಟ್ಟು ಏನೂ ಇರಲಿಲ್ಲ. ಆಮೇಲೆ ಕೆಳಗೆ ನೋಡಿದರು.

"ಯಾಕ ತಂಗಿ, ಹೊರಗ ಕುಂತಿ?"

ನಾನು ಕೀಲಿಯ ಕಡೆ ಕೈ ತೋರಿಸಿ, ಮನೆಯವರು ಹೇಳದೆ ಹೋದದ್ದನ್ನು ಹೇಳಿದೆ. ಅವರು ಕೊಡೆ, ಬುತ್ತಿಗಂಟು ಕೆಳಗಿಟ್ಟು ಪಕ್ಕದಲ್ಲಿ ಕುಳಿತರು. ಹಣೆ ಮುಟ್ಟಿ ನೋಡಿದರು.

"ಎಷ್ಟ ದಿನದಿಂದ ಹಿಂಗ ನಡದೈತಿ?"

"ಮೊದಲಿಂದ."

"ನಾ ವಾರಾ ಬರತಿದ್ನೆಲ್ಲ. ಯಾಕ ಹೇಳಲಿಲ್ಲ?"

"ನೀವು ಸೋರತೈತೇನು ಅಂತ ಅಷ್ಟ ಕೇಳತಿದ್ರಿ ಕಾಕಾ."

ಹೀಗೆ ಹೇಳಬಾರದಿತ್ತೇನೋ. ಕಾಕಾ ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.  ಆಮೇಲೆ ಮೆಲ್ಲಗೆ, "ನಂದ ತಪ್ಪಾತವಾ," ಅಂದರು. ಅವರ ಬಾಯಿಂದ ಆ ಮಾತನ್ನು ನಾನು ಅದಕ್ಕಿಂತ ಮುಂಚೆ ಕೇಳಿರಲಿಲ್ಲ.

ದವಾಖಾನೆಯಲ್ಲಿ ಗುಳಿಗೆ ಕೊಡಿಸಿ, ಅಲ್ಲಿಂದ ನೇರ ಹಳೆಯ ಓಣಿಗೆ ಕರೆದುಕೊಂಡು ಹೋದರು. ಅಕ್ಕೋರು ಗುರುತು ಹಿಡಿದರು.

"ಏನ್ರಿ, ಗ್ವಾಡಿ ಇನ್ನೂ ಹಸೇ ಐತಿ."

"ಇರಲಿರೀ ಅಕ್ಕೋರ."

"ಬೋಗಾಣಿನೂ ಅಲ್ಲೇ ಐತಿ."

"ಇರಲಿರಿ."

"ಬಾಜೂ ಹುಡುಗ್ಯಾರು ಇಬ್ಬರೂ ಮೂರನೇದಾಕಿ ಬ್ಯಾಡ ಅನ್ನಾಕತ್ತಾರ. ಜಾಗಾ ಸಾಲೂದಿಲ್ಲಂತ. ಒಂಬತ್ತು ಬಾಯ್ ಹನ್ನೊಂದಲ್ಲೇನು, ನೀವ ಅಳದಿದ್ರಿ."

ಕಾಕಾ ಅಂಗಳದಲ್ಲಿ ನಿಂತು ಕೊಡೆಯ ಹಿಡಿಕೆ ತಿರುವತೊಡಗಿದರು. ಆ ವಯಸ್ಸಾದ ಮನುಷ್ಯ ಆ ಹೊತ್ತಿನಲ್ಲಿ ಪಾಟಿ ಮರೆತು ಬಂದ ಹುಡುಗನಂತೆ ಕಂಡರು. ಅಕ್ಕೋರು ಅವರನ್ನು ಸಾಕಷ್ಟು ಹೊತ್ತು ಹಾಗೇ ನಿಲ್ಲಿಸಿದರು. ನಲವತ್ತು ವರ್ಷ ಸಾಲೆ ನಡೆಸಿದವರಿಗೆ ಅದರ ಲೆಕ್ಕ ಗೊತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಪಡಸಾಲ್ಯಾಗ ಮಕ್ಕೋತಿ? ನಾ ಗೊರಕಿ ಹೊಡೀತೇನಿ ನೋಡು ಮತ್ತ," ಅಂದರು.

ಮಕ್ಕೋತೇನಿ ಅಂದೆ. ಡಿಗ್ರಿ ಮುಗಿಯುವವರೆಗೂ ಮಲಗಿದೆ. ಗೊರಕೆ ಖರೆಯೇ ಇತ್ತು. ಗಣಿತದ ಅಂಜಿಕೆಯನ್ನು ಅವರು ಕುಂತು ಮಾಡಿಸಿಯೇ ಬಿಡಿಸಿದರು.

ಪುಸ್ತಕ, ಹಾಸಿಗೆಯನ್ನು ಕಾಕಾ ಮರುದಿನವೇ ಆ ಮನೆಯಿಂದ ತಂದುಕೊಟ್ಟಿದ್ದರು. ಉಳಿದದ್ದು ಅಪ್ಪ. ಸುದ್ದಿ ಮುಚ್ಚಿಡೋಣ ಎಂದು ಅವ್ವ, ನಾನು ಇಬ್ಬರೂ ಹೇಳಿದೆವು. ಕಾಕಾ ಕೇಳಲಿಲ್ಲ. ಬಸ್ಸಿಳಿದು ಎರಡು ಹರದಾರಿ ನಡೆದು ಕುರಿ ಇದ್ದ ಹೊಲಕ್ಕೇ ಹೋದರಂತೆ. ಅಪ್ಪ ಕಂಬಳಿ ಹಾಸಿ ಕೂರಲು ಹೇಳಿದ. ಕಾಕಾ ಕೂರದೆ ನಿಂತುಕೊಂಡೇ ಎಲ್ಲ ಹೇಳಿದರು: ಜಾಗ ಆರಿಸಿದ್ದು ತಾವು, ಹುಡುಗಿ ಹೇಳದೆ ಸಹಿಸಿದಳು, ಓದು ಬಿಡಿಸುವುದಾದರೆ ತಮ್ಮ ತಪ್ಪಿಗೆ ಆಕೆಗೆ ಶಿಕ್ಷೆ ಕೊಟ್ಟಂತೆ.

ಅಪ್ಪ ಮೊದಲು ಹಿಂಡು ಬಿಟ್ಟ ಒಂದು ಕುರಿಯನ್ನು ಸೀಟಿ ಹೊಡೆದು ತಿರುಗಿಸಿದ. ಆಮೇಲೆ ನಕ್ಕ. "ಮುಳುಗೂ ಮನಿ ಅಳದ ಅಳದ ನಿಮಗ ಇರೂ ಮನಿ ತಿಳೀದಂಗ ಆಗೈತಿ," ಅಂದ. "ಹೋಗ್ಲಿ ಬಿಡ್ರಿ. ಓದಲಿ."

ಈ ಮಾತನ್ನು ನನಗೆ ಬಂದು ಹೇಳಿದವರು ಕಾಕಾನೇ. ತಮ್ಮನ್ನು ಬೈದ ಮಾತನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಮತ್ತೆ ಕಂಡಿಲ್ಲ.

ಮುಂದಿನ ಎರಡು ರವಿವಾರ ಅವರು ಬನಹಟ್ಟಿಯ ನಿದ್ದೆ ಬಿಟ್ಟು ಅಕ್ಕೋರ ಮಾಳಿಗೆ ಹತ್ತಿದರು. ಮಣ್ಣು ಕೆದರಿ, ಗಾರೆ ಕಲಸಿ, ಸೋರುವ ಮೂಲೆಯನ್ನು ತಾವೇ ಮುಚ್ಚಿದರು. ಅಕ್ಕೋರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ತಪ್ಪು ತೋರಿಸುತ್ತಿದ್ದರು. ಮರುವರ್ಷ ಮಳೆಗಾಲದಲ್ಲಿ ಆ ಮೂಲೆ ಸೋರಲಿಲ್ಲ. ಅದರ ಎದುರಿನ ಮೂಲೆ ಸೋರಿತು. ಅಕ್ಕೋರು ಬೋಗಾಣಿಯನ್ನು ಅಲ್ಲಿಗೆ ಸರಿಸಿದರು, ಕಾಕಾಗೆ ಕಾಗದ ಬರೆದು ತಿಳಿಸಿದರು ಕೂಡ.

ಆಮೇಲೆ ನಮ್ಮೂರು ಎತ್ತರದ ಜಾಗಕ್ಕೆ ಸ್ಥಳಾಂತರವಾಯಿತು. ಕಾಕಾ ನಿವೃತ್ತರಾಗಿ ಬನಹಟ್ಟಿಗೆ ಹೋದರು. ನಾನು ಓದು ಮುಗಿಸಿ ಮುಧೋಳದ ಕಾಲೇಜೊಂದರಲ್ಲಿ ಗಣಿತ ಕಲಿಸತೊಡಗಿದೆ. ವರ್ಷಕ್ಕೊಮ್ಮೆ ಹೋಗಿ ಕಾಣುತ್ತಿದ್ದೆ. ಮಗ್ಗದ ಸಪ್ಪಳದಲ್ಲಿ ಅವರಾಡಿದ ಮಾತು ಅರ್ಧ ಕೇಳಿಸುತ್ತಿರಲಿಲ್ಲ. ಕೇಳಿಸಿದ ಅರ್ಧದಲ್ಲಿ ಊರವರ ವಿಚಾರಣೆಯೇ ಇರುತ್ತಿತ್ತು: ಯಾರ ಮಗಳ ಮದುವೆಯಾಯಿತು, ಯಾರ ಮೊಣಕಾಲು ಹೇಗಿದೆ.

ಒಂದು ಬೆಳಿಗ್ಗೆ ಅವರು ತೀರಿಕೊಂಡರೆಂದು ಫೋನು ಬಂತು. ನಾನು ಮುಧೋಳದಿಂದ ಹೋದೆ. ಅವ್ವ ಊರಿನಿಂದ ಬಂದಳು. ಅವಳ ಜೊತೆ ಬಸ್ಸಿನಿಂದ ನೀಲವ್ವನೂ ಇಳಿದಳು. ನೀಲವ್ವ ಅವ್ವನ ಜೀವದ ಗೆಳತಿ. ಹಳೆಯ ಊರಿನಲ್ಲಿ ನಮ್ಮ ಹಿತ್ತಲಿಗೆ ಹತ್ತಿದ ಮನೆ ಅವಳದು. ಹೊಸ ಊರಿನಲ್ಲೂ ನಮ್ಮ ಬಗಲಿನ ಮನೆಯೇ. ಮೊಣಕಾಲು ನೋವಿನವಳು ಇಷ್ಟು ದೂರ ಎರಡು ಬಸ್ಸು ಬದಲಿಸಿ ಬಂದದ್ದು ನನಗೆ ಆಶ್ಚರ್ಯ. ಕಾಕಾ ಇದ್ದದ್ದು ನಮ್ಮ ಮನೆಯಲ್ಲಿ, ಅವಳ ಮನೆಯಲ್ಲಲ್ಲ.

ಮಣ್ಣು ಕೊಡುವುದು ಮುಗಿದ ಮೇಲೆ ಕಟ್ಟೆಯ ಮೇಲೆ ಕುಳಿತಾಗ ಕೇಳಿದೆ. "ನೀ ಯಾಕ ಇಷ್ಟ ತ್ರಾಸ ಮಾಡ್ಕೊಂಡ ಬಂದಿ ಚಿಗವ್ವಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿನಗ ಗೊತ್ತಿಲ್ಲೇನು? ಹೊಸ ಊರಾಗ ಜಾಗಾ ಹಂಚಾಕ ಚೀಟಿ ಎತ್ತಿದಾಗ ನನ್ನ ಜಾಗಾ ನೀರಿನ ಟಾಕಿ ಕಡೆ ಬಂದಿತ್ತು, ನಿಮ್ಮವ್ವಂದು ಈ ತುದಿಗೆ. ನಾ ಒಂದ ದಿನ ಉಂಡಿದ್ದಿಲ್ಲ. ಇವರು ಬಂದು ಕೇಳಿದ್ರು, ಬಾಜೂ ಯಾರಿರಬೇಕು ಅಂತಿ ಅಂತ. ಮನಿ ಮನಿಗೆ ಹಂಗ ಕೇಳಿದ್ರು. ಮೂರ ಮಂದಿನ್ನ ಒಪ್ಪಿಸಿ, ಅದಲಿ ಬದಲಿ ಮಾಡಿಸಿ, ಆಫೀಸಿಗೆ ಅಡ್ಡ್ಯಾಡಿ ಸಹಿ ತಂದ್ರು. ಸಾಯೇಬ್ರು ಬೈದ್ರಂತ, ಟೇಪ್ ಹಿಡ್ಯಾವ್ಗ ಇದೆಲ್ಲಾ ಯಾಕ ಅಂತ."

ಅದು ನಾನು ಅಕ್ಕೋರ ಮನೆಗೆ ಸೇರಿದ ಮರುವರ್ಷದ ಮಾತು. ನನಗೆ ಯಾರೂ ಹೇಳಿರಲಿಲ್ಲ; ಕಾಕಾ ಅಂತೂ ಉಸಿರೆತ್ತಿರಲಿಲ್ಲ. ತೊಲೆಯ ಗೆದ್ದಲಿನ ಕಥೆಯನ್ನು ಜಿಲ್ಲೆಯ ತುಂಬ ಸಾರಿದ ಮನುಷ್ಯ.

ಸಂಜೆ ಅವರನ್ನು ಕಳಿಸಲು ನಾನೂ ಬಸ್ಸು ಹತ್ತಿದೆ. ಅವ್ವ, ನೀಲವ್ವ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ದಾರಿಯುದ್ದಕ್ಕೂ ಯಾರದೋ ಮಗಳ ಬಾಣಂತನದ ಬಗ್ಗೆ ಮಾತಾಡಿದರು. ಊರು ಬಂತು. ಅವ್ವ ಮೊದಲು ಇಳಿದು ಕೈ ಕೊಟ್ಟಳು. ನೀಲವ್ವ ಅದನ್ನು ಹಿಡಿದು ನಿಧಾನಕ್ಕೆ ಇಳಿದಳು. ಮಾತು ಇನ್ನೂ ಮುಗಿದಿರಲಿಲ್ಲ. ಹಾಗೇ ಆಡುತ್ತ, ಮನೆಯ ಕಡೆ ನಡೆದರು.